ಒಂದೇ ವಿಷಯ, ಒಂದೇ ಅರ್ಥ: ಗಡಿನಾಡಿನ ವಕೀಲಿಕೆ ಮತ್ತು ಕನ್ನಡ

ತೆಲುಗಿನಲ್ಲಿ ‘ಜೀತಂ’ ಎಂದರೆ ಸಂಬಳ. ಜಿಲ್ಲಾಧಿಕಾರಿಯಿಂದ ಹಿಡಿದು ಶಾಲೆಯ ಜವಾನನವರೆಗೆ ತಿಂಗಳ ಕೊನೆಯಲ್ಲಿ ಎಲ್ಲರೂ ಎಣಿಸಿಕೊಳ್ಳುವುದು ಜೀತವನ್ನೇ. ಕೃಷ್ಣಾ ನದಿಯ ಸೇತುವೆಯನ್ನು ದಾಟಿ ದೇವಸುಗೂರಿನ ಕಡೆಗೆ ಬಂದರೆ ಅದೇ ಪದದ ಮುಖ ಕಪ್ಪಿಡುತ್ತದೆ. ಕನ್ನಡದ ಜೀತ ಸಾಲಕ್ಕೆ ಒತ್ತೆಯಾದ ದೇಹದ ದುಡಿಮೆ. 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ ದೇಶದ ನಾನಾ ಭಾಗಗಳಲ್ಲಿ ಈ ಅನಿಷ್ಟಕ್ಕಿರುವ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಕೂಡಿಸಿಟ್ಟಿದೆ. ಭಗೇಲಾ, ಪಾಲೇರು, ವೆಟ್ಟಿ, ಹೊಲ್ಯ ಮುಂತಾದ ಹೆಸರುಗಳ ಜೊತೆಗೆ ಜೀತವೂ ಅಲ್ಲಿದೆ. ನದಿಯ ಒಂದು ದಡದಲ್ಲಿ ನ್ಯಾಯವಾದ ಗಳಿಕೆಯನ್ನು ಹೇಳುವ ಪದ ಇನ್ನೊಂದು ದಡದಲ್ಲಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವನ್ನು ಹೇಳುತ್ತದೆ.

ಗಡಿಯ ಹಳ್ಳಿಯ ಕನ್ನಡಿಗನೊಬ್ಬ ‘ಜೀತಕ್ಕಿದ್ದೇನೆ’ ಎಂದು ಹೇಳಿಕೆ ಕೊಟ್ಟನೆಂದು ಭಾವಿಸಬಹುದು. ಅದನ್ನು ತೆಲುಗಿನಲ್ಲಿ ಬರೆದುಕೊಳ್ಳುವ ಗುಮಾಸ್ತನಿಗೆ ಆ ವಾಕ್ಯದಲ್ಲಿ ಅಸಹಜವಾದುದೇನೂ ಕಾಣದು. ಸಂಬಳಕ್ಕೆ ಕೆಲಸದಲ್ಲಿದ್ದಾನೆ, ಅಷ್ಟೇ. ದೂರು ದಾಖಲಾಗುವ ಹೊತ್ತಿಗೆ ದೂರೇ ಅಳಿಸಿಹೋಗಿರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಲಂಚ ಪಡೆದಿಲ್ಲ.

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಪ್ರದೇಶದಲ್ಲಿ ವ್ಯಾಪಾರದ ವಿವಾದಗಳನ್ನೂ ದುಡಿಮೆಯ ವಿವಾದಗಳನ್ನೂ ನಡೆಸುವ, ಸಾಧ್ಯವಾದಲ್ಲಿ ರಾಜಿ ಮಾಡಿಸುವ ವಕೀಲನ ವೃತ್ತಿಜೀವನ ಇಂಥ ಪದಗಳ ನಡುವೆಯೇ ಸಾಗುತ್ತದೆ. ಐಚ್ಛಿಕ ಕನ್ನಡ ಓದುವವರ ಮುಂದೆ ಸಾಮಾನ್ಯವಾಗಿ ತೆರೆದಿಡುವ ಬಾಗಿಲುಗಳು ಮೂರೇ: ಅಧ್ಯಾಪನ, ಪತ್ರಿಕೋದ್ಯಮ, ಸ್ಪರ್ಧಾತ್ಮಕ ಪರೀಕ್ಷೆ. ವಕೀಲಿಕೆಯ ಹೆಸರು ಕನ್ನಡ ವಿಭಾಗಗಳಲ್ಲಿ ಕೇಳಿಬರುವುದು ಅಪರೂಪ. ಇದು ವಿದ್ಯಾರ್ಥಿಗಳಿಗೆ ನಷ್ಟವೆನ್ನುವುದಕ್ಕಿಂತ, ಭಾಷೆಯನ್ನು ಬಲ್ಲ ವಕೀಲ ಸಿಗದೆ ಸಹಿ ಹಾಕುವ ಜನರಿಗೆ ಆಗುತ್ತಿರುವ ನಷ್ಟ ಎನ್ನುವುದು ಹೆಚ್ಚು ಸರಿ.

ಈ ಊರುಗಳ ಭಾಷಿಕ ಚರಿತ್ರೆ ಸರಳವಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಕೊಡಂಗಲ್ ಮತ್ತು ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ರಾಯಚೂರು, ಗುಲ್ಬರ್ಗಾಗಳ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಾಗ ಈ ನಾಲ್ಕು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಮಹಬೂಬನಗರ ಜಿಲ್ಲೆ ಒಡೆದು 2016ರಲ್ಲಿ ಜೋಗುಲಾಂಬ ಗದ್ವಾಲ್ ಜಿಲ್ಲೆಯೂ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಮಕ್ತಲ್ ಈಗ ನಾರಾಯಣಪೇಟೆಗೆ ಸೇರಿದೆ. ಅದರ ಪಕ್ಕದ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಅಲ್ಲಿವೆ. ನಿಜಾಮನ ಕಾಲದಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. ಇಂದು ಕಚೇರಿಯಲ್ಲಿ ತೆಲುಗು, ಮೇಲಿನ ನ್ಯಾಯಾಲಯಗಳಲ್ಲಿ ಇಂಗ್ಲಿಷು. ಒಂದೇ ಮನೆಯ ಅಜ್ಜನ ಜಮೀನಿನ ಕಾಗದ ಉರ್ದುವಿನಲ್ಲಿ, ಮಗನ ಪಡಿತರ ಚೀಟಿ ತೆಲುಗಿನಲ್ಲಿ, ಮೊಮ್ಮಗಳ ಪಠ್ಯಪುಸ್ತಕ ಕನ್ನಡದಲ್ಲಿ ಇರುವುದು ಇಲ್ಲಿ ಅಸಂಭವವಲ್ಲ.

ವ್ಯಾಪಾರವೂ ದುಡಿಮೆಯೂ ಈ ನೆಲದಲ್ಲಿ ಮೊದಲು ಒಂದಾಗುವುದು ಮಗ್ಗದ ಮೇಲೆ. ಗದ್ವಾಲ್ ಸೀರೆಯ ಮೈ ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಎರಡು ಬಗೆಯ ನೂಲನ್ನು ನೇಯುವಾಗಲೇ ಒಂದಕ್ಕೊಂದು ಕೊಂಡಿ ಹಾಕಿ ಬೆಸೆಯುವುದೇ ಅದರ ವೈಶಿಷ್ಟ್ಯ. ನಾರಾಯಣಪೇಟೆಯ ಸೀರೆಗೆ ಚೌಕುಳಿಯ ಮೈ, ಗೋಪುರದ ಅಂಚು. ಎರಡಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ನೂಲನ್ನೂ ವಿನ್ಯಾಸವನ್ನೂ ಸಾಹುಕಾರ ಕೊಡುತ್ತಾನೆ, ನೇಕಾರ ತನ್ನ ಮನೆಯಲ್ಲಿ ನೇಯ್ದು ಸೀರೆಯೊಂದಕ್ಕೆ ಇಷ್ಟು ಎಂದು ಕೂಲಿ ಪಡೆಯುತ್ತಾನೆ. ಮುಂಗಡ ಪಡೆದಿದ್ದರೆ ಅದರಲ್ಲಿ ವಜಾ ಆಗುತ್ತದೆ. ಸೀರೆಯಲ್ಲಿ ದೋಷ ಕಂಡರೆ ಕೂಲಿಯಲ್ಲಿ ಕಡಿತ. ಆ ದೋಷ ನೂಲಿನದೋ ಕೈಯದೋ ಎಂದು ನಿರ್ಣಯಿಸುವವನು ಯಾರು? ಬಹುಮಟ್ಟಿಗೆ ಕೂಲಿ ಕೊಡುವವನೇ.

ವಕೀಲನ ಮುಂದೆ ಬರುವ ಮೊದಲ ಪ್ರಶ್ನೆಯೂ ಇಲ್ಲಿಯೇ ಇದೆ. ತನ್ನ ಮನೆಯಲ್ಲಿ, ತನ್ನ ಹೊತ್ತಿಗೆ ನೇಯುವವನು ಸಾಹುಕಾರನ ನೌಕರನೇ, ಅಥವಾ ಸ್ವತಂತ್ರ ಕುಶಲಕರ್ಮಿಯೇ? ನೌಕರನಾದರೆ ಕಾರ್ಮಿಕ ಕಾನೂನಿನ ಆಸರೆಯುಂಟು; ಅಲ್ಲವಾದರೆ ಬರಿಯ ಕರಾರಿನ ವಿವಾದ. ಆಂಧ್ರಪ್ರದೇಶದ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1973ರಲ್ಲಿ ಇಂಥದೇ ಪ್ರಶ್ನೆಯನ್ನು ಎದುರಿಸಿತು. ಅಲ್ಲಿಯ ದರ್ಜಿಗಳಿಗೆ ತಿಂಗಳ ಸಂಬಳವಿರಲಿಲ್ಲ, ಹೊಲಿದಷ್ಟಕ್ಕೆ ಹಣ. ಕೆಲವರು ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದರು. ಹೊಲಿಗೆ ಸರಿಯಿಲ್ಲದಿದ್ದರೆ ತಿರಸ್ಕರಿಸಿ ಮತ್ತೆ ಹೊಲಿಸುವ ಅಧಿಕಾರ ಅಂಗಡಿಯವನಿಗಿತ್ತು ಎಂಬುದನ್ನು ನ್ಯಾಯಾಲಯ ನಿಯಂತ್ರಣದ ಕುರುಹೆಂದು ಎಣಿಸಿ, ಅವರನ್ನು ನೌಕರರೆಂದೇ ಪರಿಗಣಿಸಿತು. ಹೊಲಿಗೆಯಂತ್ರಗಳು ಅಂಗಡಿಯವನವು ಎಂಬುದೂ ಅಲ್ಲಿ ಲೆಕ್ಕಕ್ಕೆ ಬಂದಿತ್ತು. ಮಗ್ಗ ನೇಕಾರನದೇ ಆಗಿದ್ದರೆ ವಾದ ಅಷ್ಟು ಸುಲಭವಾಗದು. ಆದರೂ ದೋಷದ ಹೆಸರಿನಲ್ಲಿ ಸೀರೆಯನ್ನು ತಿರಸ್ಕರಿಸುವ ಹಕ್ಕೇ ಸಾಹುಕಾರನ ಯಜಮಾನಿಕೆಗೆ ಸಾಕ್ಷಿಯಾಗಬಲ್ಲದು ಎಂಬ ವಾದದ ದಾರಿಯನ್ನು ಆ ತೀರ್ಪು ತೋರಿಸಿಕೊಟ್ಟಿದೆ. ಮಕ್ತಲಿನ ಕಿರಿಯ ವಕೀಲನೊಬ್ಬ ಆ ತೀರ್ಪನ್ನು ಓದಿರುವುದಕ್ಕೂ ಓದದಿರುವುದಕ್ಕೂ ಇರುವ ಅಂತರ ಒಂದು ಕುಟುಂಬದ ಅನ್ನದ ಅಂತರವಾಗಬಹುದು.

ಕೃಷ್ಣಾ-ತುಂಗಭದ್ರೆಗಳ ನಡುವಣ ನಡಿಗಡ್ಡೆಯಲ್ಲಿ ಇನ್ನೊಂದು ಬಗೆಯ ಕರಾರು. ಗದ್ವಾಲ್ ಸುತ್ತಮುತ್ತ ಹತ್ತಿಯ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಉದ್ಯಮ. ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ ಪರಾಗ ಸೋಕಿಸಬೇಕಾದ ಈ ಕೆಲಸ ಮಕ್ಕಳ ದುಡಿಮೆಯ ಕಾರಣಕ್ಕೂ ಕುಖ್ಯಾತವಾಗಿದೆ. ಬೀಜದ ಕಂಪನಿಗೂ ರೈತನಿಗೂ ನಡುವೆ ‘ಆರ್ಗನೈಸರ್’ ಎಂಬ ಒಬ್ಬ ಇರುತ್ತಾನೆ; ಮುಂಗಡ ಬರುವುದು ಅವನಿಂದ, ಬೀಜ ಹೋಗುವುದು ಅವನ ಮೂಲಕ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಬೀಜ ‘ಫೇಲ್’ ಆದರೆ ನಷ್ಟ ಯಾರದು ಎಂಬುದನ್ನು ಬಿತ್ತನೆಯ ಕಾಲದಲ್ಲಿ ಬಾಯಿಮಾತಿನಲ್ಲಿ ಮುಗಿಸಿರುತ್ತಾರೆ. ಪಾಲಮೂರು ಕೂಲಿಗಳ ಕಥೆ ಇವೆರಡಕ್ಕಿಂತ ಹಳೆಯದು. ಮಹಬೂಬನಗರದ ಜನ ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ದೇಶದ ಅಣೆಕಟ್ಟು, ಕಾಲುವೆಗಳಿಗೆಲ್ಲ ಮಣ್ಣು ಹೊತ್ತಿದ್ದಾರೆ. ‘ಚೋಮನ ದುಡಿ’ಯನ್ನು ಓದಿರುವ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂದೆಯ ಸಾಲಕ್ಕಾಗಿ ಕಾಫಿ ತೋಟಕ್ಕೆ ಹೋದ ಮಕ್ಕಳ ಲೆಕ್ಕಪುಸ್ತಕ ಯಾರ ಕೈಯಲ್ಲಿತ್ತು ಎಂಬುದು ಅವನಿಗೆ ನೆನಪಿರುತ್ತದೆ. ಆ ಕಾದಂಬರಿಯನ್ನು ಉದ್ಯೋಗ ವಿವಾದವೊಂದರ ಕಡತವೆಂದು ಒಮ್ಮೆ ಓದಿ ನೋಡುವುದು ತರಗತಿಗೆ ಒಳ್ಳೆಯ ಅಭ್ಯಾಸವಾದೀತು.

ಈ ಎಲ್ಲ ವಿವಾದಗಳ ಬೇರಿನಲ್ಲಿರುವ ಕಾನೂನಿನ ಸೂತ್ರ ಬಹಳ ಚಿಕ್ಕದು. 1872ರ ಭಾರತೀಯ ಕರಾರು ಕಾಯ್ದೆಯ 13ನೆಯ ಕಲಮಿನ ಪ್ರಕಾರ, ಕರಾರಿನ ಪಕ್ಷಗಳು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಅರ್ಥ ಎಂಬ ಪದ ಅಲ್ಲಿ ಬಂದುಬಿಟ್ಟಿದೆ. ಆದ್ದರಿಂದ ಭಾಷಾಧ್ಯಯನವೂ ಬಂದೇಬಿಟ್ಟಿತು.

ಒಂದು ಸಣ್ಣ ಸಂಭಾಷಣೆಯನ್ನು ಊಹಿಸಿಕೊಳ್ಳಬಹುದು. ಹೊರಗಿನಿಂದ ಬಂದ ಕಂಪನಿಯ ತೆಲುಗು ಅಧಿಕಾರಿ ಕನ್ನಡದ ಕೂಲಿಕಾರನನ್ನು ‘ತೊಂದರ ಲೇದು ಕದಾ?’ ಎಂದು ಕೇಳುತ್ತಾನೆ. ತೆಲುಗಿನ ತೊಂದರ ಎಂದರೆ ಆತುರ. ಬಾಕಿ ಹಣಕ್ಕೆ ಆತುರವಿಲ್ಲ ತಾನೆ ಎಂಬುದು ಅವನ ಪ್ರಶ್ನೆ. ಕೂಲಿಕಾರನ ಕಿವಿಗೆ ಅದು ‘ತೊಂದರೆ ಇಲ್ಲ ತಾನೆ’ ಎಂದು ಕ್ಷೇಮಸಮಾಚಾರದಂತೆ ಬೀಳುತ್ತದೆ. ಅವನು ಮರ್ಯಾದೆಗೆ ‘ಇಲ್ಲ’ ಎನ್ನುತ್ತಾನೆ. ಒಬ್ಬನಿಗೆ ಕಾಲಾವಕಾಶ ದೊರೆಯಿತು, ಇನ್ನೊಬ್ಬನಿಗೆ ತಾನು ಏನನ್ನು ಕೊಟ್ಟೆನೆಂಬುದೇ ತಿಳಿಯಲಿಲ್ಲ. ‘ಡಬ್ಬು ಅವಸರಂ’ ಎಂಬ ಮಾತೂ ಹೀಗೆಯೇ. ತೆಲುಗಿನಲ್ಲಿ ಅದು ಹಣದ ಅಗತ್ಯವನ್ನು ಹೇಳಿದರೆ, ಕನ್ನಡದ ಕಿವಿ ಅದರಲ್ಲಿ ಹಣದ ಆತುರವನ್ನು ಕೇಳುತ್ತದೆ. ಅಗತ್ಯವುಳ್ಳವನು ಕರುಣೆಗೆ ಪಾತ್ರ, ಆತುರಗಾರ ಅನುಮಾನಕ್ಕೆ ಪಾತ್ರ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಗಡಿಯಲ್ಲಿಯೇ ಹುಟ್ಟಿ ಬೆಳೆದವರು ಈ ಪದಗಳಲ್ಲಿ ಎಡವುವುದು ಕಡಿಮೆ. ಸಂತೆಯಲ್ಲಿ ಎರಡೂ ಭಾಷೆಗಳನ್ನು ಒಂದೇ ಉಸಿರಿನಲ್ಲಿ ಆಡುವ ಜಾಣ್ಮೆ ಅವರದು. ಎಡವುವವರು ದೂರದ ನಗರದಿಂದ ಬಂದ ವಕೀಲ, ಅಚ್ಚಾದ ನಮೂನೆ, ಆತುರದ ಭಾಷಾಂತರ. ವಿವಾದ ಸಂತೆಯಿಂದ ಕಚೇರಿಗೆ ಏರಿದ ಕ್ಷಣದಿಂದ ಆ ಜಾಣ್ಮೆಗೆ ಬೆಲೆಯಿಲ್ಲವಾಗುತ್ತದೆ. ಕಾಗದದ ಮೇಲಿನ ಅರ್ಥವೇ ಅರ್ಥವಾಗುತ್ತದೆ.

ಕಾನೂನಿಗೆ ಈ ಅಪಾಯ ಗೊತ್ತಿಲ್ಲವೆಂದಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೆಯ ಆದೇಶದ 6ನೆಯ ನಿಯಮದಂತೆ, ಸಾಕ್ಷಿ ನುಡಿದ ಭಾಷೆ ಒಂದು, ಬರೆದುಕೊಂಡ ಭಾಷೆ ಇನ್ನೊಂದು ಆಗಿದ್ದು, ಬರೆದ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ, ಬರೆದುದನ್ನು ಅವನು ನುಡಿದ ಭಾಷೆಯಲ್ಲಿಯೇ ಅವನಿಗೆ ವಿವರಿಸಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಇನ್ನೂ ಮುಂದೆ ಹೋಗಿತ್ತು. ಗುತ್ತಿಗೆದಾರ ಪ್ರತಿಯೊಬ್ಬ ಕಾರ್ಮಿಕನಿಗೂ ಒಂದು ಪಾಸ್‌ಬುಕ್ ಕೊಡಬೇಕು. ಕೂಲಿಯ ದರ, ಕೆಲಸದ ಅವಧಿ, ಕಡಿತಗಳ ವಿವರ ಅದರಲ್ಲಿ ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರವಲ್ಲದೆ ಕಾರ್ಮಿಕನ ಸ್ವಂತ ಭಾಷೆಯಲ್ಲಿಯೂ ಇರಬೇಕು ಎಂದು ಅದು ವಿಧಿಸಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೆಯ ಕಾಯ್ದೆ ಲೀನವಾಯಿತು. ನಾಲ್ಕು ದಶಕಗಳಿಗೂ ಮೀರಿ ಬಾಳಿದ ಆ ನಿಯಮವನ್ನು ಕನ್ನಡದಲ್ಲಿ ಪಾಲಿಸಲು ಬೇಕಾದ ಪಾರಿಭಾಷಿಕ ಸಿದ್ಧತೆ ಯಾವ ಕನ್ನಡ ವಿಭಾಗದಲ್ಲಿ ನಡೆದಿತ್ತು ಎಂಬುದು ಕಹಿಯಾದರೂ ಕೇಳಬೇಕಾದ ಪ್ರಶ್ನೆ. ನಿಯಮವಿತ್ತು, ಆ ಪಾಸ್‌ಬುಕ್ಕಿನ ಕನ್ನಡವನ್ನು ಬರೆಯಬಲ್ಲವರು ಬೇರೆಲ್ಲೋ ಇದ್ದರು.

ಇನ್ನು ರಾಜಿಯ ಮಾತು. ವಾಣಿಜ್ಯ ವಿವಾದಗಳಲ್ಲಿ ರಾಜಿಯ ಪ್ರಯತ್ನ ಈಗ ಐಚ್ಛಿಕವಾಗಿ ಉಳಿದಿಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ 2018ರಲ್ಲಿ ಸೇರಿದ 12ಎ ಕಲಮು, ತುರ್ತು ಮಧ್ಯಂತರ ಪರಿಹಾರವನ್ನು ಕೋರದ ದಾವೆಗಳಲ್ಲಿ ದಾವೆಗೆ ಮೊದಲೇ ಮಧ್ಯಸ್ಥಿಕೆ ನಡೆಯಬೇಕೆನ್ನುತ್ತದೆ. ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಡ್ಡಾಯವೆಂದು ಸಾರಿತು. ಅದೇ 2018ರ ತಿದ್ದುಪಡಿ ವಿವಾದದ ಕನಿಷ್ಠ ಮೌಲ್ಯವನ್ನು ಒಂದು ಕೋಟಿಯಿಂದ 3 ಲಕ್ಷ ರೂಪಾಯಿಗೆ ಇಳಿಸಿತು. ಇದರಿಂದ ವಾಣಿಜ್ಯ ವಿವಾದವೆಂಬುದು ಮಹಾನಗರದ ಕಂಪನಿಗಳ ಸೊತ್ತಾಗಿ ಉಳಿಯಲಿಲ್ಲ. ನಾರಾಯಣಪೇಟೆಯ ಸೀರೆ ವ್ಯಾಪಾರಿಗೂ ನೂಲಿನ ಸಗಟು ವರ್ತಕನಿಗೂ ನಡುವಣ ಬಾಕಿ ಕೂಡ ಅದರ ವ್ಯಾಪ್ತಿಗೆ ಬರಬಹುದು. ಭೌಗೋಳಿಕ ಸೂಚಿಕೆಯ ವಿವಾದಗಳನ್ನೂ ಆ ಕಾಯ್ದೆ ವಾಣಿಜ್ಯ ವಿವಾದವೆಂದೇ ಎಣಿಸಿದೆ. ಪವರ್‌ಲೂಮಿನಲ್ಲಿ ತಯಾರಾದ ಬಟ್ಟೆಯನ್ನು ಗದ್ವಾಲ್ ಕೈಮಗ್ಗದ ಸೀರೆಯೆಂದು ಮಾರುವವನ ವಿರುದ್ಧದ ದಾವೆಯೂ ಆ ಬಾಗಿಲಿನಿಂದಲೇ ಒಳಬರುತ್ತದೆ.

ಇಲ್ಲಿ ಕನ್ನಡದ ಸ್ವಂತ ದೋಷವೊಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮೀಡಿಯೇಷನ್, ಆರ್ಬಿಟ್ರೇಷನ್ ಎಂಬ ಎರಡು ಬೇರೆ ಬೇರೆ ಕ್ರಮಗಳಿಗೆ ಕನ್ನಡದಲ್ಲಿ ‘ಮಧ್ಯಸ್ಥಿಕೆ’ ಎಂಬ ಒಂದೇ ಪದ ಓಡಾಡುತ್ತಿದೆ. ಮೊದಲನೆಯದರಲ್ಲಿ ನಡುವೆ ಕುಳಿತವನು ತೀರ್ಪು ಕೊಡುವುದಿಲ್ಲ. ಪಕ್ಷಗಳು ಒಪ್ಪದಿದ್ದರೆ ಎದ್ದು ಹೋಗಬಹುದು. ಎರಡನೆಯದರಲ್ಲಿ ಅವನು ಕೊಡುವುದು ತೀರ್ಪೇ. ಅದನ್ನು ಪ್ರಶ್ನಿಸಲು ಇರುವ ಆಧಾರಗಳು ಕೆಲವೇ, ಕಾಲಾವಕಾಶವೂ ತಿಂಗಳುಗಳ ಲೆಕ್ಕದ್ದು. ತೆಲುಗಿನ ‘ಮಧ್ಯವರ್ತಿತ್ವ’ಕ್ಕೂ ಇದೇ ಗತಿ, ಮೇಲಾಗಿ ಆ ಪದವನ್ನು ಕೇಳಿದ ಕನ್ನಡಿಗನಿಗೆ ನೆನಪಾಗುವವನು ಎಪಿಎಂಸಿಯ ದಲ್ಲಾಳಿ. ಬೀಜದ ಕರಾರಿನಲ್ಲಿ ‘ವಿವಾದಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸತಕ್ಕದ್ದು’ ಎಂಬ ಒಂದು ಸಾಲನ್ನು ಓದಿ, ಊರ ಹಿರಿಯರ ಕಟ್ಟೆಯನ್ನು ನೆನೆದು ಸಹಿ ಹಾಕುವ ರೈತ, ನಿಜದಲ್ಲಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನೇ ಬಿಟ್ಟುಕೊಟ್ಟಿರಬಹುದು. ಹಳೆಯ ‘ಪಂಚಾಯಿತಿಕೆ’, ‘ಸಂಧಾನ’ ಎಂಬ ಪದಗಳನ್ನು ಖಚಿತವಾಗಿ ಹಂಚಿಕೊಂಡಿದ್ದರೆ ಈ ಗೊಂದಲಕ್ಕೆ ಎಡೆಯಿರುತ್ತಿರಲಿಲ್ಲ. ಕಳ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ಕಾಲದಲ್ಲಿ ‘ವ್ಯವಹಾರ’ ಎಂಬ ಪದ ನ್ಯಾಯಸ್ಥಾನದ ವಾದವನ್ನು ಹೇಳುತ್ತಿತ್ತು. ಕೂಲಿ ಕೊಡದಿರುವುದು, ಪಾಲುದಾರಿಕೆಯ ತಕರಾರು ಎಲ್ಲವೂ ವ್ಯವಹಾರಪದಗಳೆಂದು ವಿಂಗಡವಾಗಿದ್ದವು. ಇಂದು ವ್ಯವಹಾರವೆಂದರೆ ವ್ಯಾಪಾರವಷ್ಟೇ. ‘ರಾಜೀನಾಮೆ’ಯ ಕಥೆ ಇನ್ನೂ ವಿಚಿತ್ರ. ಸಮ್ಮತಿಯ ಪತ್ರವೆಂಬುದೇ ಆ ಪದದ ಮೂಲಾರ್ಥ. ಹಳೆಯ ಕಚೇರಿಗಳಲ್ಲಿ ಎರಡೂ ಪಕ್ಷಗಳು ಒಪ್ಪಿ ಬರೆದುಕೊಟ್ಟ ರಾಜಿಪತ್ರವೇ ರಾಜೀನಾಮೆ. ಇಂದು ನೌಕರನೊಬ್ಬನೇ ಬರೆದು ಹೊರನಡೆಯುವ ಕಾಗದಕ್ಕೆ ಆ ಹೆಸರು. ಅದನ್ನು ಬೆದರಿಸಿ ಬರೆಸಿಕೊಂಡ ಪ್ರಕರಣಗಳು ಉದ್ಯೋಗ ವಿವಾದಗಳಲ್ಲಿ ಬರುತ್ತಲೇ ಇರುತ್ತವೆ; ಸಮ್ಮತಿಯೇ ಇಲ್ಲದ ಸಮ್ಮತಿಪತ್ರ.

ರಾಜಿಯನ್ನು ಹೊಗಳುವುದು ಸುಲಭ. ವೇಗ, ಕಡಿಮೆ ಖರ್ಚು, ಉಳಿಯುವ ಸಂಬಂಧ ಎಂಬ ಮೂರು ಗುಣಗಳನ್ನು ಪ್ರತಿಯೊಂದು ಉದ್ಘಾಟನಾ ಭಾಷಣವೂ ಹೇಳುತ್ತದೆ. ನೂಲಿನ ವರ್ತಕನಿಗೂ ಸೀರೆಯ ವ್ಯಾಪಾರಿಗೂ ಇವು ನಿಜ. ಇಬ್ಬರೂ ಹೆಚ್ಚುಕಡಿಮೆ ಸಮಬಲರು. ಬರುವ ವರ್ಷವೂ ಒಬ್ಬರಿಗೊಬ್ಬರು ಬೇಕು. ನೇಕಾರ ಮತ್ತು ಸಾಹುಕಾರರ ನಡುವೆ, ಕೂಲಿ ಮತ್ತು ಮೇಸ್ತ್ರಿಯ ನಡುವೆ ಮಾತು ಬೇರೆ. ಅಲ್ಲಿ ಹಸಿದವನೇ ಮೊದಲು ಒಪ್ಪುತ್ತಾನೆ. ಅರ್ಧ ಕೂಲಿಗೆ ಆದ ರಾಜಿಯನ್ನು ಸೌಹಾರ್ದವೆಂದು ಕರೆಯುವುದು ಭಾಷೆಗೆ ಮಾಡಿದ ಅಪಚಾರ. 1948ರ ಕನಿಷ್ಠ ವೇತನ ಕಾಯ್ದೆಯ 25ನೆಯ ಕಲಮು, ಕನಿಷ್ಠ ಕೂಲಿಯ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಅಷ್ಟರ ಮಟ್ಟಿಗೆ ಶೂನ್ಯವೆಂದು ಹೇಳಿತ್ತು. ಕಾರ್ಮಿಕನೇ ಒಪ್ಪಿದರೂ ಶೂನ್ಯ. ಆದ್ದರಿಂದ ಸಂಧಾನಕ್ಕೆ ಕೂರುವವನಿಗೆ ಚೌಕಾಸಿ ಎಲ್ಲಿಂದ ಆರಂಭವಾಗಬಹುದು, ಯಾವ ನೆಲದಿಂದ ಕೆಳಗೆ ಇಳಿಯಬಾರದು ಎಂಬ ಜ್ಞಾನ ಮೊದಲು ಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಸಂಧಾನಾಧಿಕಾರಿಯ ಕೊಠಡಿಯೊಳಗೆ ವಕೀಲರನ್ನು ಬಿಟ್ಟುಕೊಂಡಿರಲಿಲ್ಲ. ಮಾಲೀಕನ ದುಡ್ಡು ಮಾತಿನ ಮಲ್ಲರನ್ನು ಕೊಂಡುತರಬಾರದೆಂಬ ವಿವೇಕ ಅದರ ಹಿಂದೆ ಕಾಣುತ್ತದೆ. ಆದರೆ ಆ ನಿಯಮದಿಂದ ಓದುಬರಹವಿಲ್ಲದ ಕಾರ್ಮಿಕನ ಪಕ್ಕದ ಕುರ್ಚಿಯೂ ಖಾಲಿಯಾಯಿತು. ಸಂಘಟನೆ ಇದ್ದಲ್ಲಿ ಆ ಕುರ್ಚಿಯಲ್ಲಿ ಮುಖಂಡ ಕೂರುತ್ತಾನೆ; ಮನೆಮನೆಯ ಮಗ್ಗಗಳ ನಡುವೆ, ಬೀಜದ ಹೊಲಗಳ ನಡುವೆ ಅಂಥ ಸಂಘಟನೆ ವಿರಳ.

2023ರ ಮಧ್ಯಸ್ಥಿಕೆ ಕಾಯ್ದೆ ಸಮುದಾಯ ಮಧ್ಯಸ್ಥಿಕೆಗೆ ಮೂವರ ಮಂಡಲಿಯೊಂದನ್ನು ಕಲ್ಪಿಸಿದೆ. ಅಲ್ಲಿ ಮೂಡಿದ ಒಪ್ಪಂದ ಶಾಂತಿ ಸೌಹಾರ್ದಕ್ಕಾಗಿ ಮಾತ್ರ, ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಅದನ್ನು ಜಾರಿ ಮಾಡಿಸಲಾಗದು ಎಂದೂ ಅದೇ ಕಾಯ್ದೆ ಹೇಳುತ್ತದೆ. ವಾಣಿಜ್ಯ ನ್ಯಾಯಾಲಯದ 12ಎ ಅಡಿಯ ಒಪ್ಪಂದಕ್ಕಾದರೋ ಆರ್ಬಿಟ್ರೇಷನ್ ತೀರ್ಪಿನ ಬಲವಿದೆ. ಎರಡರ ಮೇಲೂ ಹಾಕುವ ಸಹಿ ಒಂದೇ ರೀತಿ ಕಾಣುತ್ತದೆ. ಈ ವ್ಯತ್ಯಾಸವನ್ನು ಸಹಿಗೆ ಮೊದಲೇ, ಸಹಿ ಹಾಕುವವನ ಮನೆಮಾತಿನಲ್ಲಿ ಹೇಳಬಲ್ಲವನು ಬೇಕು.

ಅಂಥವನಾಗಲು ಕನ್ನಡ ಪದವಿಯೊಂದೇ ಸಾಲದು ಎಂಬುದನ್ನು ಮುಚ್ಚಿಡಬಾರದು. ಪದವಿಯ ನಂತರ ಮೂರು ವರ್ಷದ ಕಾನೂನು ಪದವಿ, ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ, ಅದಾದ ಮೇಲೆ ಹಿರಿಯರೊಬ್ಬರ ಕಚೇರಿಯಲ್ಲಿ ಜೇಬು ತುಂಬದ ಕೆಲವು ವರ್ಷಗಳು. ನ್ಯಾಯಾಲಯಗಳ ಮೀಡಿಯೇಟರ್ ಆಗಲು ಅನುಭವದ ಜೊತೆಗೆ 40 ಗಂಟೆಗಳ ತರಬೇತಿಯೂ ಬೇಕಾಗುತ್ತದೆ. ಮಕ್ತಲ್, ಗದ್ವಾಲ್ ನ್ಯಾಯಾಲಯಗಳಲ್ಲಿ ನಿಲ್ಲಬೇಕಾದರೆ ತೆಲುಗು ಕಲಿಯಲೇಬೇಕು, ಅದೂ ಕಡತದ ತೆಲುಗನ್ನು. ಗಡಿಯ ಅಭಿಮಾನ ಅದಕ್ಕೆ ಅಡ್ಡಬರುವುದಾದರೆ ಈ ವೃತ್ತಿ ಅವರಿಗಲ್ಲ. ತೆಲುಗಿನವರ ವಿರುದ್ಧ ಕನ್ನಡಿಗರನ್ನು ಗೆಲ್ಲಿಸುವುದು ಇಲ್ಲಿಯ ಕೆಲಸವೇ ಅಲ್ಲ. ಸಾಹುಕಾರನೂ ಕನ್ನಡಿಗನೇ ಆಗಿರಬಹುದು, ನೇಕಾರ ತೆಲುಗಿನವನಾಗಿರಬಹುದು.

ಆದರೂ ಕನ್ನಡ ಓದಿದವನು ಬರಿಗೈಯಲ್ಲಿ ಬರುವುದಿಲ್ಲ. ಒಂದು ಪದದ ಒಳಗೆ ಎಷ್ಟು ಕಾಲಗಳು ಕೂತಿವೆ ಎಂದು ನೋಡುವ ಕಣ್ಣು, ಶಾಸನದ ಮುಕ್ಕಾದ ಅಕ್ಷರವನ್ನು ಊಹೆಯಿಂದ ತುಂಬದೆ ಖಾಲಿ ಬಿಡುವ ಪ್ರಾಮಾಣಿಕತೆ, ಪಾಠಾಂತರಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವ ತಾಳ್ಮೆ ಇವೆಲ್ಲ ಕನ್ನಡ ತರಗತಿಯಲ್ಲಿ ಬಂದ ಸಂಸ್ಕಾರಗಳು. ಸಾಕ್ಷಿಯ ಮಾತನ್ನು ಕೇಳಿಸಿಕೊಳ್ಳುವಾಗ ಇವುಗಳಿಗಿಂತ ಬೇರೆ ಸಲಕರಣೆ ಬೇಕಿಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳ ಕನ್ನಡ ವಿಭಾಗಗಳಾದರೂ ಪದವಿಯ ಕೊನೆಯ ವರ್ಷದಲ್ಲಿ ಕರಾರು, ರಾಜಿಪತ್ರ, ಹೇಳಿಕೆಗಳ ಬರವಣಿಗೆಗೆಂದು ಒಂದು ಪತ್ರಿಕೆಯನ್ನು ಮೀಸಲಿಡಬಹುದು. ತೆಲುಗು-ಕನ್ನಡಗಳಲ್ಲಿ ರೂಪ ಒಂದಾಗಿ ಅರ್ಥ ಬೇರೆಯಾದ ಪದಗಳ ಸಂಗ್ರಹವನ್ನು ವಿದ್ಯಾರ್ಥಿಗಳೇ ಆರಂಭಿಸಬಹುದು. ಅದಕ್ಕೆ ಅನುದಾನ ಬೇಕಿಲ್ಲ, ಕೃಷ್ಣಾ ನಿಲ್ದಾಣದವರೆಗಿನ ರೈಲಿನ ಟಿಕೆಟ್ ಸಾಕು.

ಅಂಥ ತರಗತಿಯ ಮೊದಲ ಅಭ್ಯಾಸಕ್ಕೆ ನೇಕಾರ ಮತ್ತು ಸಾಹುಕಾರರ ನಡುವಣ ರಾಜಿಪತ್ರವನ್ನೇ ತೆಗೆದುಕೊಳ್ಳಬಹುದು. ಪುಟದ ಎಡಗಡೆ ಕನ್ನಡ, ಬಲಗಡೆ ತೆಲುಗು. ಬಾಕಿಯ ಮೊತ್ತ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಇರಬೇಕು. ದೋಷವೆಂದರೆ ಏನು, ಅದನ್ನು ಯಾರು, ಎಷ್ಟು ದಿನಗಳೊಳಗೆ, ಯಾರ ಎದುರಿಗೆ ಗುರುತಿಸಬೇಕು ಎಂಬುದು ಒಂದೊಂದು ವಾಕ್ಯದಲ್ಲಿ ಬರಬೇಕು. ‘ಜೀತ’ ಎಂಬ ಪದ ಎರಡೂ ಕಡೆ ಬರಬಾರದು. ಕನ್ನಡದಲ್ಲಿ ‘ಕೂಲಿ’, ತೆಲುಗಿನಲ್ಲಿಯೂ ‘ಕೂಲಿ’. ಕೊನೆಯ ಷರತ್ತು ಎಲ್ಲಕ್ಕಿಂತ ಕಠಿಣವಾದುದು: ಎರಡು ಪಾಠಗಳ ನಡುವೆ ಭಿನ್ನತೆ ಕಂಡುಬಂದರೆ ಯಾವುದು ಪ್ರಮಾಣ? ಅದನ್ನು ಬರೆಯುವ ಮೊದಲು ವಿದ್ಯಾರ್ಥಿ ನೇಕಾರನನ್ನು ಯಾವ ಭಾಷೆಯಲ್ಲಿ ಓದಬಲ್ಲೆ ಎಂದು ಕೇಳಬೇಕು, ಕೇಳಿದ್ದನ್ನು ಪತ್ರದಲ್ಲಿ ನಮೂದಿಸಬೇಕು.